ಕಾಡಿಗೆಯ ಚುಕ್ಕಿ

"ಸಾರ್, ಆರುನೂರ ಇಪ್ಪತ್ತು ಪಾಯಿಂಟ್ ಸಾಕು ಅಂದಿದ್ರಲ್ಲ? ನಾನು ಆರುನೂರ ಇಪ್ಪತ್ತೆರಡು ಹೊಡೆದಿದೀನಿ." ಭಾಗ್ಯಶ್ರೀ ಫೋನಿನಲ್ಲಿ ಕೇಳಿದಳು.

"ಮ್ಯಾಚ್ ಮುಗಿದ್ಮೇಲೆ ಇಪ್ಪತ್ನಾಲ್ಕಕ್ಕೆ ಏರಿಸಿದಾರಮ್ಮ. ಯಾಕೆ ಅಂತ ನಂಗೂ ಹೇಳಿಲ್ಲ. ಟೀಮಲ್ಲಿ ನಿನ್ನ ಹೆಸರಿಲ್ಲ," ಎಂದರು ಶೂಟಿಂಗ್ ಕೋಚ್.

ದಾಸರಹಳ್ಳಿಯ ಅವರ ಬಾಡಿಗೆ ಕೋಣೆಯ ಗೋಡೆಯ ಮೇಲೆ ಅವ್ವ ಮಹಾನಂದಾ ಬೆರಳಿನಿಂದ ಇಟ್ಟ ಕಾಡಿಗೆಯ ಚುಕ್ಕಿಯಿತ್ತು. ಕ್ಲಬ್ಬಿನ ಖಾಲಿ ರೈಫಲ್ ಹಿಡಿದು ಮಗಳು ದಿನವೂ ಗುರಿಯಿಡುತ್ತಿದ್ದುದು ಅದಕ್ಕೇ. ಮಾಸಿದಾಗಲೆಲ್ಲ ಅವ್ವ ತಿದ್ದುತ್ತಿದ್ದಳು.

"ಗುರಿ ತಪ್ಪಿತೇನವಾ?" ಅವ್ವ ಕೇಳಿದಳು. ಹೇಗೆ ಬಿಡಿಸಿ ಹೇಳುವುದೆಂದು ತಿಳಿಯದೆ ಭಾಗ್ಯಶ್ರೀ ಸುಮ್ಮನೆ ಅತ್ತಳು. ಅವ್ವ ಸೆರಗಿನಿಂದ ಚುಕ್ಕಿಯನ್ನು ಒರೆಸಿದಳು. ಕಾಡಿಗೆ ಡಬ್ಬಿಗೆ ಈ ಸಲ ಬೆರಳಲ್ಲ, ಬೆಂಕಿಕಡ್ಡಿ ಅದ್ದಿದಳು.

"ಅಳಬ್ಯಾಡ. ಇನ್ನೂ ಸಣ್ಣದು ಇಡ್ತೀನಿ, ನೋಡು."