ಅಡುಗೆಮನೆಯಲ್ಲಿ ಎಷ್ಟು ಜನ?

ರೇಷನ್ ವೆಬ್‌ಸೈಟ್ ಲಾಗಿನ್‌ಗೆ ಬಿಡದೆ ಮತ್ತೆ ಅದನ್ನೇ ಕೇಳಿತು: "ಈಗ ನಿಮ್ಮ ಅಡುಗೆಮನೆಯಲ್ಲಿ ಎಷ್ಟು ಜನ ಇದ್ದಾರೆ?" ಚಂಪಕ ಸುತ್ತ ನೋಡಿ 'ಒಬ್ಬರು' ಎಂದು ಒತ್ತಿದಳು. ತಪ್ಪು ಉತ್ತರ. ಇನ್ನೊಮ್ಮೆ ತಪ್ಪಿದರೆ ಈ ತಿಂಗಳ ಅಕ್ಕಿಯ ಆಸೆ ಬಿಡಬೇಕು.

ಸಹಾಯವಾಣಿಯ ಹುಡುಗಿ ಫೋನಿನಲ್ಲೇ ಆಕಳಿಸಿದಳು. "ನಿಮ್ಮ ಕಣ್ಣಿನ ಸೆಕ್ಯೂರಿಟಿ ಸೆಟ್ಟಿಂಗ್‌ದೇ ತೊಂದ್ರೆ ಮೇಡಂ. ಜಗಳ ಆಡಿದೋರನ್ನ ಬ್ಲಾಕ್ ಮಾಡಿರ್ತೀರ. ಅದು ಆನ್ ಇದ್ರೆ ಅವರು ಕಣ್ಣಿಗೆ ಕಾಣಲ್ಲ, ಇರೋದೂ ಮರ್ತೋಗತ್ತೆ. ಒಂದ್ನಿಮಿಷ ಆಫ್ ಮಾಡಿ ನೋಡಿ."

ಚಂಪಕ ಕಿವಿಯ ಹಿಂದಿನ ಗುಂಡಿ ಒತ್ತಿದಳು.

ಒಲೆಯ ಮುಂದೆ, ಉಕ್ಕುತ್ತಿದ್ದ ಹಾಲನ್ನು ಇಳಿಸುತ್ತ, ನಾದಿನಿ ವಿನುತ ನಿಂತಿದ್ದಳು. ಜಗಳವಾದ ದಿನ ಉಟ್ಟಿದ್ದ ಸೀರೆಯೇ, ಸವೆದು ಜಾಳಾಗಿತ್ತು. ತಲೆಯೆಲ್ಲ ನರೆತಿತ್ತು.

ವಿನುತ ತಿರುಗಿಯೂ ನೋಡಲಿಲ್ಲ.

"ಇಬ್ರು ಅಂತ ಒತ್ತಿ, ಅತ್ತಿಗೆ. ಪ್ರತಿ ತಿಂಗಳೂ ನಾನೇ ಹೇಳ್ಬೇಕಾ?"