ಫರ್ಹತಳ ಒಂಟಿ ಹಾಡು

ತಾನು ಸ್ಪೀಕರಿನ ಯಾವ ವೈರನ್ನೂ ಮುಟ್ಟಿಲ್ಲ ಎಂದು ಮೈಕಿನ ಮಲ್ಕಪ್ಪ ಮತ್ತೊಮ್ಮೆ ಆಣೆ ಮಾಡಿದ. ಫರ್ಹತ ನಂಬಲಿಲ್ಲ.

ಸುರಪುರದ ಕಾಲೇಜು ಮೈದಾನದಲ್ಲಿ ಆಗಲೇ ಕುರ್ಚಿ ಪೇರಿಸುತ್ತಿದ್ದರು. ಅವಳ ಹಾಡು ಅರ್ಧಕ್ಕೇ ನಿಂತಿತ್ತು. ವೇದಿಕೆಯ ಮೇಲೆ ಅವಳ ಕಡೆ ಮುಖ ಮಾಡಿಟ್ಟಿದ್ದ ಸ್ಪೀಕರಿನಿಂದ ಸಂಗೀತದ ಟ್ರ್ಯಾಕು ಗೋಡೆಯಾಚೆ ಯಾರೋ ನುಡಿಸಿದಷ್ಟು ಸಣ್ಣಗೆ ಬರುತ್ತಿತ್ತು. ಏರಿಸು ಎಂದು ಅವಳು ಸನ್ನೆ ಮಾಡುತ್ತಲೇ ಇದ್ದಳು. ಏರಿಸಿದೆ ಎಂದು ಮಲ್ಕಪ್ಪ ತಲೆ ಆಡಿಸುತ್ತಲೇ ಇದ್ದ. ಕೊನೆಗೆ ಮುಂದಿನ ಸಾಲಿನ ಹುಡುಗಿಯರು ಕಿವಿ ಮುಚ್ಚಿಕೊಂಡು ನಕ್ಕಾಗ ಫರ್ಹತ ಮೈಕು ಕೆಳಗಿಟ್ಟು ಇಳಿದು ಬಂದಳು.

"ಖರೇ ಹೇಳ್ರಿ. ಯಾದಗಿರಿಯಿಂದ ಭಾಗಣ್ಣ ಫೋನ್ ಮಾಡಿದ್ನಿಲ್ಲ?"

ವೈರು ಸುತ್ತುತ್ತಿದ್ದ ಮಲ್ಕಪ್ಪನ ಕೈ ನಿಂತಿತು. "ಮಾಡಿದ್ರು ರೀ."

"ಏನಂದ?"

"ಅಕೀ ಮುಂದಿನ ಸ್ಪೀಕರ್ ಜರಾ ನೋಡ್ಕೋ ಅಂದ್ರು. ಅಷ್ಟ."

ಫರ್ಹತಳಿಗೆ ಅಷ್ಟು ಸಾಕಿತ್ತು.

ಮೊದಲು ಅವರು ಮೂವರ ತಂಡ. ಗಯಾಸನ ಡ್ರಮ್ಮು, ಭಾಗಣ್ಣನ ಕೀಬೋರ್ಡು, ಫರ್ಹತಳ ಕಂಠ. ಅಜ್ಜಿ ಖಾಸಿಂಬೀ ಜೋಳ ಬೀಸುವಾಗ ಹೇಳುತ್ತಿದ್ದ ದಖನಿ ಉರ್ದುವಿನ ಪದಗಳನ್ನು ಫರ್ಹತ ಅಮೆರಿಕದ ಕಪ್ಪು ಜನರ ಸೋಲ್ ಧಾಟಿಗೆ ತಂದಿದ್ದಳು. 'ಸೋಲ್ ಅಂದ್ರ ಸೋಲೂದೇನ್ರಿ' ಎಂದು ನಕ್ಕವರೇ ಆಮೇಲೆ ಮದುವೆಮನೆ ಬಿಟ್ಟು ಅವಳ ಹಾಡಿಗೆ ಬರತೊಡಗಿದರು. ಈಚಿನ ಎರಡು ವರ್ಷಗಳಲ್ಲಂತೂ ಅವಳ ಹೆಸರು ಜಿಲ್ಲೆ ದಾಟಿತು. ಹಾಡುತ್ತ ಹಾಡುತ್ತ ಅವಳ ಸ್ವರ ತನ್ನ ನೆಲೆ ಬಿಟ್ಟು ಪಕ್ಕಕ್ಕೆ ಜಾರುತ್ತಿತ್ತು. ಹಿಂದೆಯೇ ಕೀಬೋರ್ಡು ಜಾರುತ್ತಿತ್ತು. ಒಂದು ಪತ್ರಿಕೆ ಇದನ್ನು ದಿಟ್ಟ ಪ್ರಯೋಗ ಎಂದು ಕರೆಯಿತು. ಯಾವುದು ಪ್ರಯೋಗ ಎಂದು ಫರ್ಹತ ಬಿಡಿಸಿ ಕೇಳಲಿಲ್ಲ. ಹೊಗಳಿದ್ದು ತನ್ನನ್ನು; ಅದು ಗೊತ್ತಿತ್ತು.

ಅವಳನ್ನು ಕಾಡಿದ್ದು ಭಾಗಣ್ಣನ ಬೆರಳು. ಹಾಡು ರಂಗೇರಿದಾಗಲೇ ಅದು ಶ್ರುತಿ ಬದಲಿಸುವ ಗುಂಡಿಯ ಮೇಲೆ ಹೋಗುತ್ತಿತ್ತು.

"ನನ್ನ ಹಾಡಿನಾಗ ಯಾಕ ಕೈ ಆಡಸ್ತಿ?" ಎಂದು ಒಂದು ದಿನ ಜಗಳ ತೆಗೆದಳು.

"ನೀ ಹೋದ ಕಡಿ ನಾ ಬರಬೇಕಲ್ಲ."

"ಯಾರೂ ಬರೂದು ಬ್ಯಾಡ. ನಾ ಒಬ್ಬಾಕಿನೇ ಹೋಗ್ತೀನಿ."

ಹಾಗೆ ಇಬ್ಬರನ್ನೂ ಬಿಟ್ಟು ಹೊರಟವಳಿಗೆ ಎಲ್ಲೂ ನೆಟ್ಟಗಾಗಲಿಲ್ಲ. ಟ್ರ್ಯಾಕುಗಳನ್ನು ಮುದ್ರಿಸಿಕೊಂಡು ಒಂಟಿಯಾಗಿ ಹಾಡಿದ ಮೊದಲ ಸಂಜೆಯೇ ವಡಗೇರಾದಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ನೀವೊಂದು ದಾರಿ, ಮ್ಯೂಜಿಕ್ ಒಂದು ದಾರಿ ಹಿಡದೀರಿ" ಎಂದರು. ಕಾರ್ಯಕ್ರಮ ಕೇಳಿ ಫೋನು ಮಾಡಿದರೆ ಸಂಘಟಕರು ಬಾಯೊಳಗೇ ಗುಣುಗುಟ್ಟುತ್ತಿದ್ದರು. ಸರಿಯಾಗಿ ಹೇಳ್ರಿ ಎಂದರೆ ಇಟ್ಟುಬಿಡುತ್ತಿದ್ದರು. ಇಷ್ಟೂ ಊರಿನವರಿಗೆ ಒಂದೇ ಸಲ ಒಂದೇ ಬುದ್ಧಿ ಬರಬೇಕಾದರೆ ಯಾರೋ ಒಬ್ಬ ಹೇಳಿಕೊಟ್ಟಿರಲೇಬೇಕು.

ಉಳಿದಿದ್ದು ಶಹಾಪುರದ ಕಾರ್ಯಕ್ರಮ ಒಂದೇ. ಹೈದರಾಬಾದಿನ ಸಂಗೀತ ಉತ್ಸವದವರು ಇವಳನ್ನು ಕೇಳಲೆಂದೇ ಅಲ್ಲಿಗೆ ಬರುವವರಿದ್ದರು. ಒಪ್ಪಿದರೆ ದೊಡ್ಡ ವೇದಿಕೆ, ಅವಳೊಬ್ಬಳದೇ ಹೆಸರು. ಫರ್ಹತ ಮರುದಿನ ಬೆಳಿಗ್ಗೆ ಸುರಪುರದಿಂದ ಬಸ್ಸು ಹಿಡಿದು ಸಭಾಂಗಣಕ್ಕೆ ಹೋದಳು. ಕಾರ್ಯಕ್ರಮ ಏರ್ಪಡಿಸಿದ್ದ ಮೇಷ್ಟ್ರು ಬುದ್ಧಪ್ರಿಯ ಬಾಗಿಲಲ್ಲೇ ಎದುರಾದರು. ಒಳಗೆ ಬಾ ಎನ್ನಲಿಲ್ಲ.

"ಭಾಗಣ್ಣ ಬಂದು ಸಂಗಟ ನುಡಿಸಿದ್ರ ಹಾಡ್ರಿ. ಇಲ್ಲಾಂದ್ರ ಈ ಸಲ ಬ್ಯಾಡ್ರಿ, ತಂಗಿ."

"ಇದೂ ಅವನೇ ಹೇಳಿಕೊಟ್ಟಾನೇನ್ರಿ?"

ಬುದ್ಧಪ್ರಿಯ ಮುಖ ತಗ್ಗಿಸಿ ಏನೋ ಅಂದರು. ಏನೆಂದು ಅವಳು ಮತ್ತೆ ಕೇಳಲಿಲ್ಲ. ತಪ್ಪಿತಸ್ಥರು ಹಾಗೆಯೇ ಮಾತಾಡುವುದು.

ಮಧ್ಯಾಹ್ನ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಇಳಿದಾಗ ಅವಳ ಮೈ ಉರಿಯುತ್ತಿತ್ತು. ಹಾರ್ಮೋನಿಯಂ, ಕೀಬೋರ್ಡು ದುರಸ್ತಿ ಮಾಡುವ ತನ್ನ ಅಂಗಡಿಯಲ್ಲಿ ಭಾಗಣ್ಣ ಒಬ್ಬನೇ ಇದ್ದ. ಅವಳನ್ನು ನೋಡಿ ಸ್ಟೂಲು ಮುಂದಕ್ಕೆ ಸರಿಸಿದ.

"ಮಲ್ಕಪ್ಪಗ ಫೋನ್ ಮಾಡೀದಿ. ಮೇಷ್ಟ್ರಿಗೆ ಹೇಳೀದಿ," ಎಂದಳು. "ನನ್ನ ಸೌಂಡ್ ಕಡಿಮಿ ಮಾಡಿಸಿ, ಜನರ ಮುಂದ ನಗಿಪಾಟಲು ಮಾಡಿಸಿ ನಿನಗೇನು ಸಿಕ್ತು? ಈ ಹಾಡು ಬಿಟ್ರ ನನಗ ಬ್ಯಾರೆ ಏನದ, ಹೇಳು?"

ಭಾಗಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳಿಗೆ ಅಳು ಬಂತು. ಅವನ ಕಣ್ಣಿಗೆ ಬೀಳಬಾರದೆಂದು ರಸ್ತೆಯ ಕಡೆ ಮುಖ ತಿರುಗಿಸಿ ಕೂತಳು. ಅವನು ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. ಆಮೇಲೆ ಬಾಯಿ ಬಿಟ್ಟ.

"ಮೈಕ್ ಛಲೋ ಅದ, ಫರ್ಹತ. ಸ್ಪೀಕರ್ ಛಲೋ ಅದ. ನಿನ್ನ ಕಿವಿ ಕೇಳವಲ್ವು. ಎರಡು ವರ್ಷದಿಂದ ದಿನಾ ಇಷ್ಟಿಷ್ಟ ಹೋಗ್ಲಾಕತ್ತಾವ. ನೀ ಸುರ್ ಬಿಟ್ಟಾಗೆಲ್ಲ ನಾ ಕೀಬೋರ್ಡ್ ನಿನ್ನ ಕಡಿ ತಂದೀನಿ. ಜನ ಅದಕ್ಕ ಪ್ರಯೋಗ ಅಂದ್ರು. ಟ್ರ್ಯಾಕಿಗೆ ಹಂಗ ನಿನ್ನ ಹಿಂದ ಬರಾಕ ಬರೂದಿಲ್ಲ. ಹೇಳಿದ್ರ ಹಾಡೂದೇ ಬಿಡ್ತಿ ಅಂತ ಸುಮ್ನಿದ್ದೆ. ಕಲಬುರಗಿ ಡಾಕ್ಟರ್ ಕಡಿ ಹೋಗೂಣು ನಡಿ. ನಾನೂ ಬರ್ತೀನಿ."

ಗಟ್ಟಿಯಾಗಿಯೇ ಹೇಳಿದ್ದ. ಪಕ್ಕದ ಬಳೆ ಅಂಗಡಿಯ ಚಮನಬೀ ಕೈಯಲ್ಲಿದ್ದ ಕೆಲಸ ಬಿಟ್ಟು ಇತ್ತ ನೋಡತೊಡಗಿದಳು.

ಫರ್ಹತ ರಸ್ತೆಯನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಿರುಗದೆಯೇ, "ಒಂದು ಮಾತರ ಆಡು, ಭಾಗಣ್ಣ," ಎಂದಳು. "ಬಂದಾಗಿನಿಂದ ನೋಡ್ಲಾಕತ್ತೀನಿ, ತುಟಿ ಬಿಚ್ಚವಲ್ಲಿ."