ಸಂಶಿಯಲ್ಲಿ ಟಾಯರು ಬದಲಿಸಿದ್ದು

“ದಾವೂದಸಾಬ್ರ, ನಾಕೂ ಗಾಲಿ ಬಿಚ್ಚಂತ ನಿಮಗ ಯಾರ ಹೇಳಿದ್ರು?”

ಶಂಭುಲಿಂಗಪ್ಪನ ದನಿ ಏರಿತ್ತು. ದಾವೂದಸಾಬ ಕೊನೆಯ ನಟ್ಟನ್ನು ಬಿಚ್ಚಿ ಡಬ್ಬಿಗೆ ಹಾಕಿದ. ಸಂಶಿಯ ಬಸ್ ಸ್ಟ್ಯಾಂಡಿನ ಎದುರು, ಅವನ ಟಾಯರು ಅಂಗಡಿಯ ಮುಂದೆ, ಪಿಕಪ್ ಗಾಡಿ ಕಲ್ಲುಗಳ ಮೇಲೆ ನಿಂತಿತ್ತು. ಗಾಳಿ ನೋಡಿಸಲೆಂದು ಶಂಭುಲಿಂಗಪ್ಪನ ಅಪ್ಪ ಈರಬಸಪ್ಪ ನಿಲ್ಲಿಸಿದ್ದ, ಐದೇ ನಿಮಿಷ ಅಂತ.

“ನೀವ ನೋಡ್ರಿ. ಒಳಗಿನ ದಾರ ಕಾಣಾಕತ್ತೈತಿ. ಈ ಟಾಯರ್ ಮ್ಯಾಲ ಕುಂದಗೋಳ ಮುಟ್ಟೂದಿಲ್ಲರಿ.”

ಬುಧವಾರ, ಹನ್ನೆರಡೂವರೆ. ಮೂರು ಗಂಟೆಗೆ ಕುಂದಗೋಳದ ಕಚೇರಿಯಲ್ಲಿ ಭೂ ನ್ಯಾಯಮಂಡಳಿ ಕೂಡುವುದಿತ್ತು. ಎಪ್ಪತ್ತಾರನೆಯ ಇಸವಿ, ಉಳುವವರ ಅರ್ಜಿಗಳು ಒಂದೊಂದಾಗಿ ತೀರ್ಮಾನವಾಗುತ್ತಿದ್ದ ಕಾಲ. ಎರಡು ತಾರೀಖು ಆಗಲೇ ಮುಂದೆ ಹೋಗಿದ್ದವು. ಹೊಲದ ಧಣಿ ಬರಲಿ ಬಿಡಲಿ, ಇವತ್ತು ತೀರ್ಪು ಎಂದು ಹೇಳಿ ಕಳಿಸಿದ್ದರು.

ಎಂಟು ಎಕರೆ ಎರೆ ಹೊಲ. ಮೈಲಾರವ್ವ ಮತ್ತು ಅವಳ ಗಂಡ ಸಣ್ಣಪ್ಪ ಇಪ್ಪತ್ತೆರಡು ವರ್ಷ ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದ್ದರು. ಕಾಗದ ಇರಲಿಲ್ಲ. ಸಣ್ಣಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ಅರ್ಜಿ ಹಾಕಿದ್ದಳು. ಆ ಹೊಲದಲ್ಲಿ ಬಾವಿ ತೋಡಿಸಬೇಕೆಂದು ಶಂಭುಲಿಂಗಪ್ಪ ಜಾಗ ಕೂಡ ಗುರುತು ಮಾಡಿಟ್ಟಿದ್ದ. ಹೊಲ ಮಾತ್ರ ಅಪ್ಪ ಈರಬಸಪ್ಪನ ಹೆಸರಿನಲ್ಲಿತ್ತು. ಮಾತಾಡಬೇಕಾದವನು ಅವನೇ.

ಅವಸರದ ಗಿರಾಕಿ ಎಂದು ಗೊತ್ತಾಗಿಯೇ ಈ ದಾವೂದಸಾಬ ಬಲೆ ಹಾಕಿದ್ದಾನೆ ಎಂದುಕೊಂಡ ಶಂಭುಲಿಂಗಪ್ಪ. “ಕೈಗೆ ಸಿಕ್ಕಿದ್ದು ಹಾಕಿಬಿಡ್ರಿ,” ಎಂದ.

ದಾವೂದಸಾಬ ಗೆರೆ ಗೆರೆಯ ಟಾಯರು ತಂದಿಟ್ಟ. “ಡಾಂಬರ್ ರಸ್ತಾಕ್ಕ ಇದ ಚಲೋ. ಬಾಳಿಕಿ ಬರ್ತೈತಿ.”

ಈರಬಸಪ್ಪ ಬೆರಳಿಂದ ಗೆರೆಗಳನ್ನು ಸವರಿದ. “ನಮ್ಮ ಗಾಡಿ ಹೊಲಕ್ಕ ಹೋಗ್ತೈತಿ. ಎರಿ ಮಣ್ಣಾಗ ಇದು ಜಾರ್ತದ. ಹಲ್ಲಿಂದು ತೋರ್ಸು.”

ಹಲ್ಲಿನ ಟಾಯರು ಹಿತ್ತಲಿನ ಕೋಣೆಯಿಂದ ಬರಬೇಕಾಯಿತು. ಕೋಣೆಯ ಕೀಲಿ ಬೇಗ ಸಿಗಲಿಲ್ಲ, ಹುಡುಕಾಡಿದ ಮೇಲೆ ಸಿಕ್ಕಿತು. ಎರಡು ಗಾಲಿಗೆ ಹಾಕಿದ ಮೇಲೆ ಈರಬಸಪ್ಪ ತಲೆ ಅಲ್ಲಾಡಿಸಿದ. “ಇವು ಡಾಂಬರಿನ ಮ್ಯಾಲ ಲಗೂನ ಸವಿತಾವ. ತಗಿ.”

“ನೀವು ಹೇಳಿದಂಗ್ರಿ,” ಎಂದ ದಾವೂದಸಾಬ. ಒಂದಿಷ್ಟೂ ಬೇಸರವಿಲ್ಲದೆ ತೆಗೆಯತೊಡಗಿದ.

ಶಂಭುಲಿಂಗಪ್ಪ ಗಡಿಯಾರ ನೋಡಿದ. ರಸ್ತೆಯವರೆಗೆ ಹೋಗಿ ಬಂದ. ಅಪ್ಪನ ಮಗ್ಗುಲಿಗೆ ಕುಳಿತು ವಕೀಲರು ಬರೆದುಕೊಟ್ಟದ್ದನ್ನು ಮತ್ತೊಮ್ಮೆ ಓದಿದ. “ಮೈಲಾರವ್ವ ನಮ್ಮ ಹೊಲದಾಗ ಕೂಲಿ ಮಾಡಾಕಿ. ಹೊಲ ಯಾವತ್ತೂ ಲಾವಣಿಗೆ ಕೊಟ್ಟಿಲ್ಲ. ಇಷ್ಟ ಹೇಳಿದ್ರ ಸಾಕಪಾ.”

“ಪ್ರಮಾಣ ಮಾಡಸ್ತಾರೇನು?”

“ಮಾಡಸ್ತಾರ.”

ಈರಬಸಪ್ಪ ಅಂಗಡಿಯ ಕಡೆ ತಿರುಗಿ ಕೂಗಿದ. “ದಾವೂದಸಾಬ, ಬ್ಯಾರೆ ಕಂಪನಿದು ಯಾವುದರ ಐತೇನು?”

ಎರಡು ಗಂಟೆಯ ಬಸ್ಸು ಎದುರಿಗೆ ಬಂದು ನಿಂತಿತು.

“ಅಪ್ಪಾ, ನೀ ಬಸ್ ಹತ್ತು. ನಾ ಗಾಡಿ ತರ್ತೀನಿ.”

“ನೀ ಇಲ್ಲದ ಅಲ್ಲಿ ನಾ ಏನ ಹೇಳಲೋ? ಬಾಯಾಗ ಬ್ಯಾರೇನರ ಬಂದ್ರ?”

“ಹಂಗಾರ ಇಬ್ಬರೂ ಹೋಗೂಣು.”

“ಗಾಡಿ ಕಲ್ಲಿನ ಮ್ಯಾಲ ಬಿಟ್ಟು?”

ಮಾತು ಮುಗಿಯುವುದರೊಳಗೆ ಬಸ್ಸು ಹೊರಟಿತು. ಶಂಭುಲಿಂಗಪ್ಪ ನಾಲ್ಕು ಹೆಜ್ಜೆ ಓಡಿ ನಿಂತ.

ಮೂರೂವರೆಗೆ ಈರಬಸಪ್ಪ ಮೊದಲು ತೋರಿಸಿದ ಗೆರೆ ಟಾಯರನ್ನೇ ಹಾಕಲು ಹೇಳಿದ. ಶಂಭುಲಿಂಗಪ್ಪನಿಗೆ ಅಳು ಬರುವುದೊಂದು ಬಾಕಿ.

ಕುಂದಗೋಳ ಮುಟ್ಟಿದಾಗ ನಾಲ್ಕೂವರೆ. ಮಂಡಳಿಯವರು ಎದ್ದು ಹೋಗಿದ್ದರು. ಮೂರು ಸಲ ಕೂಗಿದೆವು, ಯಾರೂ ಬರಲಿಲ್ಲ, ಹೊಲ ಮೈಲಾರವ್ವನಿಗಾಯಿತು ಎಂದ ಗುಮಾಸ್ತ. ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದ ಆಕೆ ಇವರನ್ನು ಕಂಡು ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಈರಬಸಪ್ಪ ಅವಳ ಕಡೆ ನೋಡದೆ ಗಾಡಿ ಹತ್ತಿದ.

ಅರ್ಧ ದಾರಿಯಲ್ಲಿ ಶಂಭುಲಿಂಗಪ್ಪ ಬಾಯಿ ಬಿಟ್ಟ. “ಟಾಯರ್ ಆರಸೂದ್ರಾಗ ಎಂಟು ಎಕರೆ ಕಳದಿ.”

“ಹೌದಪಾ. ತಪ್ಪು ನಂದ.”

ಆ ಒಪ್ಪಿಗೆಯಿಂದ ಸಿಟ್ಟು ಇಳಿಯಲಿಲ್ಲ. ಹೋಗಲು ಜಾಗವಿಲ್ಲದೆ ಒಳಗೇ ಕುದಿಯಿತು. ಮುಪ್ಪಿನ ಅಪ್ಪನನ್ನು ಎಷ್ಟೆಂದು ಬಯ್ಯುವುದು? ಮೂರು ದಿನ ಶಂಭುಲಿಂಗಪ್ಪನಿಗೆ ರೊಟ್ಟಿ ಸೇರಲಿಲ್ಲ. ಒಂದು ಕಡೆ ಕುಳಿತರೆ ಇನ್ನೊಂದು ಕಡೆಗೆ ಎದ್ದು ಹೋಗುತ್ತಿದ್ದ. ಎಲ್ಲ ಆ ದಾವೂದಸಾಬನದೇ ಕೆಲಸ ಎಂದು ತೀರ್ಮಾನಿಸಿ, ಭಾನುವಾರ ಬೆಳಿಗ್ಗೆ ಸಂಶಿಗೆ ಹೋದ.

ದಾವೂದಸಾಬ ಮಾಲು ತರಲು ಹುಬ್ಬಳ್ಳಿಗೆ ಹೋಗಿದ್ದ. ಅವನ ಹೆಂಡತಿ ಹಲೀಮಾಬಿ ಅಂಗಡಿಯಲ್ಲಿದ್ದಳು. ಕುರ್ಚಿ ಹಾಕಿ, ನೀರು ಕೊಟ್ಟಳು. ಅವನು ಕುಡಿಯಲಿಲ್ಲ.

“ಬುಧವಾರ ನಿಮ್ಮ ಮನಿಯಾವ್ರು ಬೇಕಂತ ತಡಾ ಮಾಡಿದ್ರು. ಅದು ಬ್ಯಾಡ, ಇದು ಬ್ಯಾಡ ಅಂತ ನಮ್ಮ ಅಪ್ಪ ಗೊಂದಲದಾಗ ಬಿದ್ದಿದ್ದ. ಒಂದ ನಿರ್ಧಾರ ಆಗವಲ್ದಾಗಿತ್ತು ಅವಗ.”

ಹಲೀಮಾಬಿ ನಕ್ಕುಬಿಟ್ಟಳು. “ನಿಮ್ಮ ಅಪ್ಪಾರಿಗಿ ಎಲ್ಲಿ ಗೊಂದಲರಿ? ಸೋಮವಾರ ಒಬ್ಬರ ಬಂದು, ಒಂದು ಕಪ್ಪ ಚಾ ಕುಡಿಯೂದ್ರಾಗ ನಾಕೂ ಟಾಯರ್ ಆರಿಸಿಟ್ಟು, ಬುಧವಾರ ಬರ್ತೀವಿ, ನನ್ನ ಮಗನ ಮುಂದ ಹೇಳಬ್ಯಾಡ್ರಿ ಅಂದು ಹೋಗಿದ್ರಲ್ಲ.”